ಕಾಡಿನೊಳಗಿನ ಹೋಟೆಲು

ನನಗೆ ಕಾಡು ಗೊತ್ತಿದ್ದದ್ದು ಕಾಗದದ ಮೇಲೆ. ದೆಹಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಅರಣ್ಯದ ಫೈಲುಗಳನ್ನೇ ನೋಡಿದ್ದೇನೆ. ಆನೆ ಯಾರ ಕಬ್ಬು ತಿಂದಿತು, ಯಾವ ರಾಜ್ಯ ಯಾವ ಪತ್ರಕ್ಕೆ ಇನ್ನೂ ಉತ್ತರ ಬರೆದಿಲ್ಲ, ಎಲ್ಲವೂ ನನ್ನ ಮೇಜಿನ ಮೇಲೆ ಹಾದುಹೋಗಿವೆ. ಆದರೆ ಕಣ್ಣಾರೆ ಕಂಡ ಕಾಡೆಂದರೆ ಲೋಧಿ ಕಾಲೋನಿಯ ನಮ್ಮ ಸರ್ಕಾರಿ ಮನೆಯ ಹಿಂದಿನ ಬೇವಿನ ಮರಗಳು. ಕಾಡುಪ್ರಾಣಿಯೆಂದರೆ ಅವುಗಳಿಂದ ಇಳಿದುಬಂದು ನಮ್ಮ ಅಡುಗೆಮನೆಯ ಬಾಳೆಹಣ್ಣು ಒಯ್ಯುವ ಕೋತಿ.

ಇಂಥ ನನ್ನನ್ನು ಎರಡು ವರ್ಷದ ಹಿಂದೆ ಪಶ್ಚಿಮ ಆಫ್ರಿಕಾದ ಒಂದು ಪುಟ್ಟ ದೇಶದ ಮಳೆಕಾಡಿಗೆ ಕಳಿಸಿದರು. ದೇಶದ ಹೆಸರು ಬರೆಯುವುದಿಲ್ಲ. ಅಲ್ಲಿ ನಾವು ಮಾಡಿದ ಒಂದು ಊಟ ಆ ದೇಶದ ಕಾನೂನಿಗೆ ವಿರುದ್ಧವಾದದ್ದು, ಮತ್ತು ನನ್ನ ಪಿಂಚಣಿ ಇನ್ನೂ ಮಂಜೂರಾಗಬೇಕಿದೆ.

ಎರಡು ದೇಶಗಳ ನಡುವೆ ಅನುಭವದ ವಿನಿಮಯ ಅಂತ ಆ ಪ್ರವಾಸದ ಹೆಸರು. ಇಬ್ಬರು ಹೋಗಬೇಕು. ವಿದೇಶ ಪ್ರವಾಸ ಅಂದಾಗ ನಮ್ಮ ಸೆಕ್ಷನ್ನಿನ ತರುಣ ಅಧಿಕಾರಿಗಳೆಲ್ಲ ಕುರ್ಚಿಯಿಂದ ಅರ್ಧ ಎದ್ದರು. ಎರಡು ದಿನ ಕೆಸರಿನ ದಾರಿ, ಆಮೇಲೆ ದೋಣಿ, ವಿದ್ಯುತ್ ಇಲ್ಲ ಎಂದು ಓದಿದ ಮೇಲೆ ಮತ್ತೆ ಕೂತರು. ಒಬ್ಬನಿಗೆ ತಂಗಿಯ ಮದುವೆ ನೆನಪಾಯಿತು, ಇನ್ನೊಬ್ಬನಿಗೆ ಸೊಂಟನೋವು. ಕೊನೆಗೆ ಉಳಿದವರು ನಾನು ಮತ್ತು ನಮ್ಮ ಸಾಹೇಬರು.

ಸಾಹೇಬರು ಕಾನ್‌ಪುರದವರು, ಈರುಳ್ಳಿಯನ್ನೂ ಅನುಮಾನದಿಂದ ನೋಡುವ ಸಸ್ಯಾಹಾರಿ. ನಿವೃತ್ತಿಗೆ ಐದು ತಿಂಗಳಿತ್ತು. ಆ ಕಾಡಿನಲ್ಲಿ ದೊಡ್ಡ ಹಂದಿಯಷ್ಟೇ ಇರುವ ಕುಳ್ಳ ಹಿಪ್ಪೊ ಇದೆ ಎಂದು ಅವರು ಎಲ್ಲೋ ಓದಿದ್ದರು. "ಮೇಡಂ ಜೀ, ಜೀವನವೆಲ್ಲ ಪ್ರಾಣಿಗಳ ಬಗ್ಗೆ ಟಿಪ್ಪಣಿ ಬರೆದೆ. ಒಂದನ್ನಾದರೂ ಮುಖಾಮುಖಿ ನೋಡಿ ರಿಟೈರ್ ಆಗ್ತೇನೆ" ಎಂದರು. ಮಾರನೆಯ ದಿನವೇ ಕೂತು ನಲವತ್ತೊಂದು ಕಾಲಮುಗಳ ಒಂದು ನಮೂನೆ ತಯಾರು ಮಾಡಿದರು. ಅದರಲ್ಲಿ "ಸಂದರ್ಶಕರ ಶೌಚಾಲಯಗಳ ಸಂಖ್ಯೆ" ಎನ್ನುವುದೂ ಒಂದು ಕಾಲಮು.

ಮನೆಯಲ್ಲಿ ಸುದ್ದಿ ಹೇಳಿದಾಗ ಮಗಳು ನಕ್ಕಳು. "ಅಮ್ಮಾ, ನೀನು ಲಕ್ಷ್ಮೀ ನಗರ ಮೆಟ್ರೋದಲ್ಲೇ ಗಲತ್ ಗೇಟ್‌ನಿಂದ ಆಚೆ ಬರ್ತೀಯ. ಜಂಗಲ್‌ನಲ್ಲಿ ಕ್ಯಾ ಕರೋಗಿ?"

ನನ್ನ ಯಜಮಾನರು ಉಡುಪಿ ಕಡೆಯವರು. ಪೀತಮ್‌ಪುರದ ಮಾರ್ಕೆಟ್ಟಿನಲ್ಲಿ ಅವರದ್ದೊಂದು ಸಣ್ಣ ದೋಸೆ ಹೋಟೆಲು ಇದೆ. ಜಗತ್ತಿನ ಯಾವ ಮೂಲೆಯ ಬಗ್ಗೆಯಾದರೂ ಅವರಿಗಿರುವುದು ಎರಡೇ ಪ್ರಶ್ನೆ.

"ಅಲ್ಲಿ ತೆಂಗಿನಕಾಯಿ ಸಿಗ್ತದಾ?"

"ಸಿಗುತ್ತಂತೆ ರೀ."

"ಅಕ್ಕಿ?"

"ಮೂರು ಹೊತ್ತೂ ಅನ್ನವೇ ಅಂತೆ."

"ಹಾಗಾದ್ರೆ ಹೆದರಿಕೆ ಇಲ್ಲ. ಹೋಗಿ ಬಾ" ಎಂದು ಒಂದು ಚೀಲ ಅವಲಕ್ಕಿಯನ್ನೂ ಒಂದು ಡಬ್ಬಿ ಹುರುಳಿ ಚಟ್ನಿಪುಡಿಯನ್ನೂ ಕಟ್ಟಿಕೊಟ್ಟರು. ಹಳದಿ ಜ್ವರದ ಸೂಜಿ ಚುಚ್ಚಿಸಿಕೊಂಡು ತೋಳು ಊದಿಸಿಕೊಂಡು ಬಂದ ದಿನ ಮಾತ್ರ ಅವರಿಗೆ ಸ್ವಲ್ಪ ಗಾಬರಿಯಾಯಿತು. ಆ ರಾತ್ರಿಯ ಪಾತ್ರೆ ಅವರೇ ತೊಳೆದರು.

ವಿಮಾನ ಇಳಿದ ಮೇಲಿನ ಎರಡು ದಿನ ಜೀಪಿನಲ್ಲಿ ಕಳೆಯಿತು. ಕೆಂಪು ಮಣ್ಣಿನ ರಸ್ತೆ ಮಳೆಗೆ ಕಲಸಿದ ಹಿಟ್ಟಿನಂತಾಗಿತ್ತು. ಅರ್ಧ ತಾಸಿಗೊಮ್ಮೆ ಇಳಿದು ತಳ್ಳಬೇಕು. ನಾವು ಇಳಿದಾಗೆಲ್ಲ ಎಲ್ಲಿಂದಲೋ ಜನ ಬಂದು ಕೈಜೋಡಿಸುತ್ತಿದ್ದರು, ನನ್ನನ್ನು ನೋಡಿ ಪ್ರೀತಿಯಿಂದ "ಹಲೋ, ಓಲ್ಡ್ ಮಾ" ಎನ್ನುತ್ತಿದ್ದರು. ಮುದುಕಿ! ನನಗಾಗ ಐವತ್ತಮೂರು. ಎರಡು ವಾರಕ್ಕೊಮ್ಮೆ ತಲೆಗೆ ಬಣ್ಣ ಹಚ್ಚುವವಳು. ಮೊದಲ ದಿನವಿಡೀ ಮುಖ ಗಂಟಿಕ್ಕಿಕೊಂಡೇ ಕೂತೆ. ಅಲ್ಲಿ ಅದು ದೊಡ್ಡವರಿಗೆ ಕೊಡುವ ಮರ್ಯಾದೆ, ನಾವು "ಅಮ್ಮ" ಎಂದಂತೆ ಎಂದು ಡ್ರೈವರ್ ತಿಳಿಸಿದ್ದು ಎರಡನೆಯ ದಿನ ಸಂಜೆ. ಸಾಹೇಬರಿಗೆ ಅಷ್ಟರಲ್ಲಿ ತುಂಬ ಖುಷಿಯಾಗಿ ಹೋಗಿತ್ತು.

ಅವರ ಸಮಸ್ಯೆ ಸೂಟ್‌ಕೇಸು. ನಾಲ್ಕು ಚಕ್ರದ ಹೊಸ ಸೂಟ್‌ಕೇಸು, ಅರ್ಧ ಬಟ್ಟೆ, ಅರ್ಧ ಅವರ ಹೆಂಡತಿ ಮಾಡಿಕೊಟ್ಟ ತುಪ್ಪದ ಲಡ್ಡು ಮತ್ತು ಕರಿದ ಖಾರದ ತಿಂಡಿ ಮಠ್‌ರಿ. ಮರದ ದಿಮ್ಮಿ ಕೊರೆದು ಮಾಡಿದ ದೋಣಿಯಲ್ಲಿ ನದಿ ದಾಟುವಾಗ ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದರು. ನನ್ನ ಅವಲಕ್ಕಿ ಚೀಲ ದೋಣಿಯ ತಳದಲ್ಲಿ ಕೂತು ಇಡೀ ನದಿಯನ್ನು ಹೀರಿಕೊಂಡಿತು. ದಡ ಸೇರುವಾಗ ಅದು ಅವಲಕ್ಕಿಯಾಗಿ ಉಳಿದಿರಲಿಲ್ಲ. ಚಟ್ನಿಪುಡಿಯ ಡಬ್ಬಿ ಕೈಚೀಲದಲ್ಲಿದ್ದುದರಿಂದ ಬಚಾವಾಯಿತು.

ಆಚೆ ದಡದಲ್ಲಿ ನಮ್ಮನ್ನು ಎದುರುಗೊಂಡವಳು ಆ ಕಾಡಿನ ಮುಖ್ಯ ರೇಂಜರ್. ನಲವತ್ತು ದಾಟಿದ, ನನಗಿಂತ ಒಂದು ಅಡಿ ಎತ್ತರದ ಹೆಂಗಸು. ಸಮವಸ್ತ್ರಕ್ಕೆ ಇಸ್ತ್ರಿ ಹಾಕಿದ್ದಳು. ಅವಳ ಬೂಟು ಮಾತ್ರ ಮುಂದೆ ಬಾಯಿಬಿಟ್ಟಿತ್ತು. ಅದನ್ನು ಹಗ್ಗದಿಂದ ಬಿಗಿದು ಕಟ್ಟಿದ್ದಳು. ಸಾಹೇಬರು ಕೈ ಕುಲುಕಿ ಮೊದಲು ಕೇಳಿದ ಮಾತೇ "ಹಿಪ್ಪೊ ಎಲ್ಲಿ?" ಎಂದು.

"ನಾನು ಇಲ್ಲಿಗೆ ಬಂದು ಹದಿಮೂರು ವರ್ಷ ಆಯ್ತು ಸರ್. ಎರಡು ಸಲ ನೋಡಿದ್ದೇನೆ. ಒಂದು ಸಲ ಹಿಂದಿನಿಂದ."

ಮಾರನೆಯ ಬೆಳಿಗ್ಗೆ ಸಾಹೇಬರ ಗುಡಿಸಲಿನಿಂದ ಕೂಗು ಕೇಳಿ ಓಡಿದೆವು. ಅವರು ಬನಿಯನ್ನು, ಕಾಲುಚೀಲ ಹಾಕಿಕೊಂಡು ಮಂಚದ ಮೇಲೆ ನಿಂತಿದ್ದರು. ಕಿಟಕಿಯಿಂದ ಸೂಟ್‌ಕೇಸಿನವರೆಗೆ, ಸೂಟ್‌ಕೇಸಿನಿಂದ ಬಾಗಿಲವರೆಗೆ ಕಪ್ಪು ಇರುವೆಗಳ ದಪ್ಪ ಸಾಲು, ಹರಿಯುವ ತಾರಿನ ಹಾಗೆ. ದಂಡಯಾತ್ರೆ ಹೊರಡುವ ಜಾತಿಯಂತೆ ಅವು. ದಾರಿಯಲ್ಲಿ ಸಿಕ್ಕಿದ್ದನ್ನು ಬಿಡುವುದಿಲ್ಲ.

ರೇಂಜರ್ ಬಾಗಿಲಲ್ಲಿ ನಿಂತು ಶಾಂತವಾಗಿ ಹೇಳಿದಳು. "ಅಲ್ಲಾಡಬೇಡಿ ಸರ್. ಒಂದು ಗಂಟೆಯಲ್ಲಿ ಹೋಗ್ತವೆ. ಹೋದ ಮೇಲೆ ಈ ಮನೆಯಲ್ಲಿ ಒಂದು ಜಿರಳೆಯೂ ಇರಲ್ಲ."

"ನನ್ನ ಲಡ್ಡು?"

"ಅದೂ ಇರಲ್ಲ."

ಅವು ಹೋದ ಮೇಲೆ ಅಲ್ಲಿನ ಅಡುಗೆಯವನು ಸಾಹೇಬರಿಗೆ ಬರೀ ಅನ್ನ ಬೇಯಿಸಿಕೊಟ್ಟ. ಅಲ್ಲಿನವರ ಎಲ್ಲ ಸಾರಿನಲ್ಲೂ ಒಣಮೀನು ಇದ್ದೇ ಇರುತ್ತದೆ. ಸಾಹೇಬರು ಅನ್ನಕ್ಕೆ ನನ್ನ ಚಟ್ನಿಪುಡಿ ಕಲಸಿಕೊಂಡು ಕಣ್ಣಲ್ಲಿ ನೀರು ಹಾಕಿಕೊಂಡು ತಿಂದರು. ಖಾರಕ್ಕೋ ಲಡ್ಡುವಿನ ನೆನಪಿಗೋ ಗೊತ್ತಾಗಲಿಲ್ಲ.

ಆ ದಿನ ಮಳೆ ಬಿಡಲಿಲ್ಲ. ಹಾಗಾಗಿ ಕಚೇರಿಯಲ್ಲೇ ಕೂತು ನಮೂನೆ ತುಂಬಿಸಲು ಶುರುಮಾಡಿದೆವು. ಕಚೇರಿಯೆಂದರೆ ತಗಡಿನ ಮಾಡಿನ ಒಂದು ಕೋಣೆ, ಗೋಡೆಯ ಮೇಲೆ ತೇವಕ್ಕೆ ಉಬ್ಬಿದ ನಕ್ಷೆ. ಸಾಹೇಬರು ಕೇಳುತ್ತಾ ಹೋದರು, ರೇಂಜರ್ ಉತ್ತರ ಕೊಡುತ್ತಾ ಹೋದಳು.

"ವಾಹನಗಳು?"

"ಒಂದು ಮೋಟಾರ್‌ಸೈಕಲ್."

"ಕಾರ್ಯನಿರ್ವಹಿಸುತ್ತಿದೆಯೇ?"

"ಅದು ಸರಿಯಾಗಿದೆ ಸರ್. ಪೆಟ್ರೋಲ್ ಇಲ್ಲ."

"ಸಂದರ್ಶಕರ ಶೌಚಾಲಯ?"

ಆಕೆ ಕಿಟಕಿಯಾಚೆಯ ಕಾಡನ್ನು ಒಮ್ಮೆ ನೋಡಿದಳು. ಸಾಹೇಬರು ಆ ಕಾಲಮಿನಲ್ಲಿ ಅಡ್ಡಗೆರೆ ಎಳೆದರು.

ನಕ್ಷೆಯ ಮೇಲೆ ಅಲ್ಲಲ್ಲಿ ಕೆಂಪು ಚುಕ್ಕೆಗಳಿದ್ದವು. ಏನೆಂದು ಕೇಳಿದೆ. ಕಾಡಿನೊಳಗೆ ನುಗ್ಗಿ ಚಿನ್ನಕ್ಕಾಗಿ ಗುಂಡಿ ತೋಡುವವರ ಬಿಡಾರಗಳು ಎಂದಳು. ಕಾವಲಿಗೆ ಇರುವವರು ಹದಿನಾಲ್ಕು ಜನ. ಕಾಡಿನ ಒಂದು ತುದಿಯಿಂದ ಇನ್ನೊಂದಕ್ಕೆ ನಡೆದರೆ ವಾರ ಹಿಡಿಯುತ್ತದೆ. ಇವರು ಒಂದು ಬಿಡಾರ ಎಬ್ಬಿಸಿ ಬರುವಷ್ಟರಲ್ಲಿ ಅವರು ಇನ್ನೊಂದು ಕಟ್ಟಿರುತ್ತಾರೆ.

"ಅವರ ಬೂಟುಗಳು ನಮ್ಮದಕ್ಕಿಂತ ಚೆನ್ನಾಗಿವೆ" ಎಂದು ಆಕೆ ನಗುತ್ತಲೇ ಒಂದು ಫೈಲು ತೆಗೆದು ನನ್ನ ಮುಂದಿಟ್ಟಳು. ಬೂಟಿಗಾಗಿ ರಾಜಧಾನಿಗೆ ಬರೆದ ಐದು ಪತ್ರಗಳು, ಐದೂ ವಾಪಸು ಬಂದಿದ್ದವು. ಮೊದಲನೆಯದಕ್ಕೆ, ಕೋರಿಕೆ ನಿಗದಿತ ರೂಪದಲ್ಲಿಲ್ಲ. ಎರಡನೆಯದಕ್ಕೆ, ಹಿಂದಿನ ಪತ್ರದ ಉಲ್ಲೇಖವಿಲ್ಲ. ಮೂರನೆಯದು ಬೇರೆ ಶಾಖೆಗೆ ಹೋಗಬೇಕಿತ್ತು.

ಓದುತ್ತಾ ನನಗೆ ಎದೆ ತುಂಬಿ ಬಂತು. ಸಮುದ್ರ ದಾಟಿ, ಕೆಸರು ದಾಟಿ, ನದಿ ದಾಟಿ ಬಂದ ಜಾಗದಲ್ಲಿ ನನಗೆ ಚೆನ್ನಾಗಿ ಗೊತ್ತಿರುವ ಭಾಷೆಯೊಂದು ಸಿಕ್ಕಿತ್ತು. ಇಂಥ ಪತ್ರಗಳನ್ನು ನಾನು ಇಪ್ಪತ್ತೆರಡು ವರ್ಷ ವಾಪಸು ಕಳಿಸಿದ್ದೇನೆ! ಅವು ಯಾವ ತೂತಿನಿಂದ ಸೋರುತ್ತವೆ ಎಂದು ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು?

"ಒಂದು ಬಿಳಿ ಹಾಳೆ ಕೊಡಮ್ಮ" ಎಂದೆ.

ಬೂಟು ಬೇಕು ಎಂದು ಬರೆಯಲೇ ಇಲ್ಲ. ಹಿಂದಿನ ಐದೂ ಪತ್ರಗಳನ್ನು ತಾರೀಖಿನ ಸಮೇತ ಉಲ್ಲೇಖಿಸಿದೆ. ವಿದೇಶಿ ನಿಯೋಗವೊಂದು ಸಿಬ್ಬಂದಿಯ ಪಾದರಕ್ಷೆಯ ಸ್ಥಿತಿಯನ್ನು ಖುದ್ದಾಗಿ ಗಮನಿಸಿ ತನ್ನ ವರದಿಯಲ್ಲಿ ದಾಖಲಿಸಲಿದೆ, ಆ ವರದಿಗೆ ಸೇರಿಸಲು ತಮ್ಮ ಕಡೆಯ ವಿವರಣೆಯನ್ನು ಕೂಡಲೇ ಕಳಿಸಬೇಕು ಎಂದು ಬರೆದೆ. ಪ್ರತಿಗಳು ಯಾರ್‍ಯಾರಿಗೆ ಎಂಬುದು ಕೆಳಗೆ ಅರ್ಧ ಪುಟ. ರೇಂಜರ್ ಓದಿ, ಇನ್ನೊಮ್ಮೆ ಓದಿ, "ಓಲ್ಡ್ ಮಾ, ಇದರಲ್ಲಿ ಒಂದೂ ಕೆಟ್ಟ ಮಾತಿಲ್ಲ. ಆದರೂ ನನಗೇ ಭಯ ಆಗ್ತಿದೆ" ಎಂದಳು. ನನ್ನ ಇಡೀ ಸರ್ವಿಸಿನಲ್ಲಿ ಯಾರೂ ನನ್ನ ಬರವಣಿಗೆಯನ್ನು ಅಷ್ಟು ಹೊಗಳಿರಲಿಲ್ಲ.

ಮಾರನೆಯ ದಿನ ಬೆಳಕು ಹರಿಯುತ್ತಲೇ ಮಳೆ ನಿಂತಿತು. ನಡೆದು ಹೊರಟೆವು. ರೇಂಜರ್, ಇಬ್ಬರು ಕಾವಲುಗಾರರು, ಸಾಹೇಬರು, ನಾನು.

ಆ ಕಾಡನ್ನು ಹೇಗೆ ಹೇಳಲಿ? ಮರಗಳ ತುದಿ ಕಾಣುವುದಿಲ್ಲ. ಬುಡದಲ್ಲಿ ಬೇರುಗಳು ಗೋಡೆಯ ಹಾಗೆ ಎದ್ದು ನಿಂತಿರುತ್ತವೆ. ಬೆಳಕು ಎಲ್ಲೋ ಮೇಲೆ ಸುರಿದು ನಮ್ಮವರೆಗೆ ಬರುವಷ್ಟರಲ್ಲಿ ಹಸಿರು ನೀರಾಗಿರುತ್ತದೆ. ತಲೆಯ ಮೇಲೆ ಮಂಗಟ್ಟೆ ಹಕ್ಕಿಗಳು ಹಾರಿದರೆ ಹಳೆಯ ಉಗಿಬಂಡಿ ಹೋದಂತೆ ರೆಕ್ಕೆಯ ಸದ್ದು. ಫೈಲಿನಲ್ಲಿ ನಾನು ಸಾವಿರ ಸಲ ಬರೆದ "ದಟ್ಟಾರಣ್ಯ" ಎಂಬ ಪದಕ್ಕೆ ಅಂದು ಮೊದಲ ಬಾರಿ ನಾಚಿಕೆಯಾಯಿತು.

ಕಾವಲುಗಾರರು ದಾರಿಯುದ್ದಕ್ಕೂ ಬಗ್ಗಿ ಬಗ್ಗಿ ತಂತಿಯ ಉರುಲುಗಳನ್ನು ಬಿಡಿಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಒಂದರಲ್ಲಿ ಮೊಲಕ್ಕಿಂತ ಸ್ವಲ್ಪ ದೊಡ್ಡದಾದ ಜಿಂಕೆಯ ಕಾಲು ಮಾತ್ರ ಉಳಿದಿತ್ತು. ತೊರೆಯೊಂದರ ಅಂಚಿನಲ್ಲಿ ರೇಂಜರ್ ನಿಂತು ತೋರಿಸಿದಳು. ಮಣ್ಣಲ್ಲಿ ನಾಲ್ಕು ಬೆರಳಿನ ದುಂಡನೆಯ ಹೆಜ್ಜೆ, ಪಕ್ಕದ ಎಲೆಗಳ ಮೇಲೆ ಎರಚಿದ ಸಗಣಿ. ಕುಳ್ಳ ಹಿಪ್ಪೊ ಬೆಳಗಿನ ಜಾವ ಅಲ್ಲಿ ಹಾದುಹೋಗಿತ್ತು. ಸಾಹೇಬರು ಮಂಡಿಯೂರಿ ಕೂತು ಜೇಬಿನಿಂದ ಕಚೇರಿಯ ಸ್ಕೇಲು ತೆಗೆದು ಅಳತೆ ಮಾಡಿದರು. ಸಗಣಿಯ ಫೋಟೋ ಹನ್ನೊಂದು ತೆಗೆದರು. "ಬಹುತ್ ಬಡಿಯಾ, ಬಹುತ್ ಬಡಿಯಾ" ಎಂದು ಪಿಸುಗುಟ್ಟುತ್ತಿದ್ದರು. ಎದ್ದಾಗ ಅವರ ಕಣ್ಣು ನಿಜವಾಗಿಯೂ ತೇವವಾಗಿತ್ತು.

ಮುಂದೆ ಹೋದಂತೆ ಆ ತೊರೆ ಹಳದಿಯಾಗಿ, ಕೆನ್ನೀರಾಗಿ, ಕೊನೆಗೆ ಬರೀ ರಾಡಿಯಾಯಿತು. ಮಧ್ಯಾಹ್ನ ಆಗಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಆಗ ಗಾಳಿಯಲ್ಲಿ ಬಾಳೆಕಾಯಿ ಕರಿಯುವ ವಾಸನೆ ಬಂತು. ಹೋಟೆಲಿನವನ ಹೆಂಡತಿಗೆ ಆ ವಾಸನೆ ಗೊತ್ತಾಗದಿರುತ್ತದೆಯೇ? ಮರಗಳು ಸರಿದು ಬಯಲೊಂದು ಕಾಣಿಸಿತು. ತೋಡಿದ ಗುಂಡಿಗಳು, ಉರುಳಿದ ಮರಗಳು. ನಮ್ಮನ್ನು ಕಂಡದ್ದೇ ಗುದ್ದಲಿ ಹಿಡಿದ ಹತ್ತಿಪ್ಪತ್ತು ಜನ ಕಾಡಿನೊಳಗೆ ಮಾಯವಾದರು. ಓಡದೆ ಉಳಿದವಳು ಒಬ್ಬಳೇ. ನೀಲಿ ಟಾರ್ಪಾಲಿನ ಕೆಳಗೆ ಮೂರು ಒಲೆ ಹೂಡಿ, ಎರಡು ಬೆಂಚು ಹಾಕಿ, ಸೌಟು ಹಿಡಿದು ನಿಂತ ಒಬ್ಬ ದಪ್ಪನೆಯ ಹೆಂಗಸು. ಕಾಡಿನ ನಡುವೆ ಪಕ್ಕಾ ಹೋಟೆಲು.

ರೇಂಜರ್ ಅವಳನ್ನು ನೋಡಿದಳು. ಅವಳು ರೇಂಜರನ್ನು ನೋಡಿದಳು.

"ಇವಳು ನನ್ನ ಅಕ್ಕ" ಎಂದು ರೇಂಜರ್ ನಮ್ಮ ಕಡೆ ತಿರುಗದೆ ಹೇಳಿದಳು. "ಒಡಹುಟ್ಟಿದ ಅಕ್ಕ. ಎರಡು ಸಲ ಎಬ್ಬಿಸಿದ್ದೇನೆ. ಇದು ಮೂರನೇದು."

ಅಕ್ಕ ಸಾಹೇಬರ ಸೊರಗಿದ ಮುಖ ನೋಡಿ, "ಈ ಮನುಷ್ಯ ಊಟ ಮಾಡಿ ಎಷ್ಟು ದಿನ ಆಯ್ತು?" ಎಂದು ನನ್ನನ್ನು ಕೇಳಿದಳು. ಮೀನು, ಮಾಂಸ ಮುಟ್ಟುವುದಿಲ್ಲ ಎಂದೆ. "ಕಾಯಿಲೆಯಾ?" ಎಂದಳು. ಅಲ್ಲ, ಪದ್ಧತಿ ಎಂದೆ. ತಲೆಯಾಡಿಸಿ, ಬೇರೆ ಬಾಂಡಲಿಯಿಟ್ಟು ಬಾಳೆಕಾಯಿ ಕರಿದು, ಅನ್ನದ ಮೇಲೆ ಶೇಂಗಾದ ಗಟ್ಟಿ ಸಾರು ಸುರಿದು ಕೊಟ್ಟಳು.

ಸಾಹೇಬರು ತಟ್ಟೆ ಹಿಡಿದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ಮೇಡಂ ಜೀ, ಇದು ರಕ್ಷಿತಾರಣ್ಯದೊಳಗಿನ ಅಕ್ರಮ ಕಟ್ಟಡ. ನಾವು ಸರ್ಕಾರಿ ನಿಯೋಗ. ಇಲ್ಲಿ ತಿಂದರೆ..."

"ಸರ್, ಇದು ಕಟ್ಟಡ ಅಲ್ಲ, ಟಾರ್ಪಾಲು."

"ಅಚ್ಛಾ, ಟಾರ್ಪಾಲು" ಎಂದವರು ಮೂರು ತಟ್ಟೆ ಊಟ ಮಾಡಿದರು.

ನಾನು ಚಟ್ನಿಪುಡಿ ಡಬ್ಬಿ ತೆಗೆದೆ. ಅಕ್ಕ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಚಪ್ಪರಿಸಿ, ಡಬ್ಬಿಯನ್ನೇ ಎತ್ತಿ ತನ್ನ ಒಲೆಯ ಹಿಂದೆ ಇಟ್ಟುಕೊಂಡುಬಿಟ್ಟಳು. ವಾಪಸು ಕೇಳುವ ಧೈರ್ಯ ನನಗಾಗಲಿಲ್ಲ.

ಊಟ ಮುಗಿದ ಮೇಲೆ ರೇಂಜರ್ ಎದ್ದು ಟಾರ್ಪಾಲಿನ ಕಂಬಕ್ಕೆ ಕೈ ಹಾಕಿದಳು. "ನೀನು ಅಡುಗೆ ಮಾಡ್ತೀಯ ಅಂತಲೇ ಇವರು ಇಲ್ಲಿ ತಿಂಗಳುಗಟ್ಟಲೆ ಕೂರ್ತಾರೆ. ಅನ್ನ ಇಲ್ಲದಿದ್ರೆ ನಾಲ್ಕು ದಿನಕ್ಕೆ ಎದ್ದು ಹೋಗ್ತಾರೆ."

"ನಾನು ಎದ್ದು ಹೋದ್ರೆ ನನ್ನ ಮಕ್ಕಳಿಗೆ ಯಾರು ಹಾಕ್ತಾರೆ? ನಿನ್ನ ಹಿಪ್ಪೊ ಹಾಕುತ್ತಾ?" ಅಕ್ಕನ ದನಿ ಏರಿತು. "ನಾನೂ ಈ ತೊರೆಯಲ್ಲಿ ಮೀನು ಹಿಡಿದವಳೇ. ಈಗ ಇದರಲ್ಲಿ ಪಾತ್ರೆ ತೊಳೆಯಕ್ಕೂ ಆಗಲ್ಲ ಅಂತ ನನಗೆ ಕಾಣಲ್ವಾ?"

ತಂಗಿಯ ಕೈ ಕಂಬದ ಮೇಲೆಯೇ ನಿಂತಿತು. ಸಾಹೇಬರ ನಮೂನೆಯ ನಲವತ್ತೊಂದು ಕಾಲಮುಗಳಲ್ಲಿ ಇದನ್ನು ತುಂಬಿಸಲು ಜಾಗವಿರಲಿಲ್ಲ.

ನಾನು ಬಾಯಿ ಹಾಕಬಾರದಿತ್ತು. ಹಾಕಿದೆ. ನನ್ನ ಯಜಮಾನರು ಮೊದಲು ಹೋಟೆಲು ಹಾಕಿದ್ದು ಒಂದು ಗಲ್ಲಿಯ ಒಳಗಿನ ಗಲ್ಲಿಯಲ್ಲಿ, ಹುಡುಕಿಕೊಂಡು ಬರುವವರೆಲ್ಲ ಸುಸ್ತಾಗಿ ಬರುತ್ತಿದ್ದರು, ರಸ್ತೆ ಬದಿಗೆ ಬಂದ ಮೇಲೇ ಅದು ನಡೆದದ್ದು ಎಂದು ಅಕ್ಕನಿಗೆ ಹೇಳಿದೆ. ಕಾಡಿನ ಗೇಟಿನ ಹತ್ತಿರ ದೋಣಿ ಇಳಿಯುವ ಜಾಗ ಇದೆ, ದಿನವೂ ಜನ ಬಂದುಹೋಗುತ್ತಾರೆ, ಹದಿನಾಲ್ಕು ಕಾವಲುಗಾರರು ಬೇರೆ ದಿನವೂ ಅದೇ ಒಣಮೀನಿನ ಸಾರು ತಿಂದು ನರಳುತ್ತಿದ್ದಾರೆ ಎಂದೆ.

"ಅಲ್ಲಿ ಇವಳು ಬಿಡ್ಬೇಕಲ್ಲ" ಎಂದಳು ಅಕ್ಕ.

"ಸ್ವಂತ ಅಕ್ಕನಿಗೆ ಜಾಗ ಕೊಟ್ಟೆ ಅಂದ್ರೆ ನನ್ನ ಕೆಲಸ ಹೋಗುತ್ತೆ" ಎಂದಳು ತಂಗಿ.

"ಅಕ್ಕ ಅಂತ ಯಾಕಮ್ಮ ಬರೀತೀಯ?" ಎಂದೆ. "ಕಾಡಿನಿಂದ ಸ್ವಇಚ್ಛೆಯಿಂದ ಹೊರಬಂದ ಸ್ಥಳೀಯ ಮಹಿಳೆ ಅಂತ ಬರಿ. ಸುಳ್ಳು ಒಂದಕ್ಷರ ಇಲ್ಲ."

ರೇಂಜರ್ ಸಾಹೇಬರ ಕಡೆ ನೋಡಿದಳು. ಅವರು ತೇಗಿ, "ನಿಯೋಗದ ಶಿಫಾರಸು ಅಂತಲೂ ಸೇರಿಸಬಹುದು" ಎಂದರು. ಮೂರು ತಟ್ಟೆಯ ಋಣ ಮಾತಾಡಿಸಿತೇನೋ.

ಅಕ್ಕ ತನ್ನ ಬೆಂಚು, ಬಾಂಡಲಿ, ಪಾತ್ರೆಗಳನ್ನೆಲ್ಲ ಒಂದೊಂದಾಗಿ ನೋಡಿದಳು. ಕೊನೆಗೆ ಸೌಟು ಕೆಳಗಿಟ್ಟು, "ಸರಿ. ಇದನ್ನೆಲ್ಲ ನಾನೊಬ್ಬಳೇ ಹೊರಲ್ಲ" ಎಂದಳು.

ಹೀಗಾಗಿ ಆ ಸಂಜೆ ನಮ್ಮ ನಿಯೋಗ ಮಳೆಕಾಡಿನಿಂದ ಮೆರವಣಿಗೆಯಲ್ಲಿ ಹೊರಬಂತು. ಮುಂದೆ ಟಾರ್ಪಾಲು ಸುರುಳಿ ಸುತ್ತಿ ಹೊತ್ತ ರೇಂಜರ್, ಹಿಂದೆ ಬೆಂಚು ಹೊತ್ತ ಕಾವಲುಗಾರರು, ತಲೆಯ ಮೇಲೆ ಅಕ್ಕಿ ಮೂಟೆ ಇಟ್ಟುಕೊಂಡು ಕೈಬೀಸಿ ನಡೆಯುವ ಅಕ್ಕ, ಬಾಂಡಲಿ ಹಿಡಿದ ನಾನು. ಎಲ್ಲಕ್ಕಿಂತ ದೊಡ್ಡ ಪಾತ್ರೆ ಸಾಹೇಬರ ತಲೆಯ ಮೇಲೆ. ಅದು ಕಿವಿಯವರೆಗೆ ಇಳಿದು ಅವರಿಗೆ ದಾರಿ ಕಾಣುತ್ತಿರಲಿಲ್ಲ. ಪ್ರತಿ ಬೇರು ಬಂದಾಗಲೂ ನಾನು ಹಿಂದಿನಿಂದ "ಸರ್, ಎಡಕ್ಕೆ... ಸರ್, ಕಾಲೆತ್ತಿ" ಎನ್ನುತ್ತಿದ್ದೆ. ಪಾತ್ರೆಯ ಒಳಗಿನಿಂದ "ಚಲೋ, ಚಲೋ" ಎಂದು ಗುಂಯ್‌ಗುಟ್ಟುವ ದನಿ ಬರುತ್ತಿತ್ತು. ಆ ಮರಗಳ ಮೇಲಿನ ಕೋತಿಗಳು ನಮ್ಮನ್ನು ನೋಡಿ ಎಬ್ಬಿಸಿದ ಗದ್ದಲ ಈಗಲೂ ಕಿವಿಯಲ್ಲಿದೆ.

ದೆಹಲಿಗೆ ಬಂದ ಮೇಲೆ ವರದಿ ಬರೆದೆವು. ಊಟವನ್ನು "ಸ್ಥಳೀಯ ಸಮುದಾಯದೊಂದಿಗೆ ಸಂವಾದ" ಎಂದು ಹಾಕಿದೆ. ಸಂವಾದಕ್ಕೆ ಮೂರು ಗಂಟೆ ಏಕೆ ಬೇಕಾಯಿತು ಎಂದು ಮೇಲಿನಿಂದ ಒಂದು ಪ್ರಶ್ನೆ ಬಂತು. "ವಿಷಯ ಗಂಭೀರವಾಗಿದ್ದುದರಿಂದ" ಎಂದು ಉತ್ತರ ಬರೆದು ಕಳಿಸಿದೆ. ಅದು ಅಲ್ಲಿಗೇ ಮುಗಿಯಿತು. ಸಾಹೇಬರು ಕತ್ತು ನೋವಿಗೆ ಎರಡು ತಿಂಗಳು ಪಟ್ಟಿ ಕಟ್ಟಿಕೊಂಡು ಓಡಾಡಿದರು. ಯಾರಾದರೂ ಕೇಳಿದರೆ "ಫೀಲ್ಡ್ ಇಂಜರಿ" ಎನ್ನುತ್ತಿದ್ದರು. ಬೀಳ್ಕೊಡುಗೆಯ ದಿನ ಗೋಡೆಯ ಮೇಲೆ ಅವರ ಸೇವೆಯ ಚಿತ್ರಗಳನ್ನು ತೋರಿಸಿದರು. ಮಂತ್ರಿಗಳ ಜೊತೆ ನಿಂತದ್ದೆಲ್ಲ ಸರಸರ ಹೋಯಿತು. ಹಿಪ್ಪೊ ಸಗಣಿಯ ಹನ್ನೊಂದು ಚಿತ್ರಗಳಿಗೆ ಮಾತ್ರ ಅವರೇ ನಿಂತು ವಿವರಣೆ ಕೊಟ್ಟರು.

ಬೂಟುಗಳು ಎಂಟು ತಿಂಗಳ ಮೇಲೆ ಬಂದವು, ಹದಿನಾಲ್ಕು ಜೊತೆ, ಎಲ್ಲವೂ ಒಂದೇ ದೊಡ್ಡ ಅಳತೆ. ಅದು ನನ್ನದೇ ತಪ್ಪು. ಅಷ್ಟು ಜಾಗರೂಕತೆಯಿಂದ ಬರೆದ ಪತ್ರದಲ್ಲಿ ಅಳತೆಗಳ ಪಟ್ಟಿ ಸೇರಿಸುವುದನ್ನು ಮರೆತಿದ್ದೆ.

ಹೋದ ಭಾನುವಾರ ಬೆಳಿಗ್ಗೆ ರೇಂಜರ್ ಫೋನು ಮಾಡಿದ್ದಳು. ಗೇಟಿನ ಬಳಿಯ ಅಕ್ಕನ ಹೋಟೆಲು ಚೆನ್ನಾಗಿ ನಡೆಯುತ್ತಿದೆಯಂತೆ. ಆದರೆ ತಡವಾಗಿ ಬರುವ ಕಾವಲುಗಾರರಿಗೆ ಅವಳು ಊಟ ಕೊಡುವುದಿಲ್ಲ ಎಂದು ಅಕ್ಕ ತಂಗಿಯರಿಗೆ ಮೂರು ವಾರದಿಂದ ಮಾತಿಲ್ಲ. ಚಿನ್ನದವರಲ್ಲಿ ಕೆಲವರು ಊರಿಗೆ ಮರಳಿದ್ದಾರೆ. ಕೆಲವರು ಊಟಕ್ಕೆ ಗೇಟಿನವರೆಗೆ ಬಂದು ತಿಂದು, ಕೈ ತೊಳೆದು, ಮತ್ತೆ ಬೇರೆ ದಾರಿಯಿಂದ ಒಳಗೆ ಹೋಗುತ್ತಾರೆ. ಉತ್ತರದ ತೊರೆಯ ಹತ್ತಿರ ಹೊಸ ಬಿಡಾರ ಎದ್ದಿದೆ, ಅಲ್ಲೊಬ್ಬಳು ಒಲೆ ಹೂಡಿದ್ದಾಳೆ.

"ಅವಳು ಯಾರ ಅಕ್ಕ?" ಎಂದೆ.

"ನಮ್ಮ ಒಬ್ಬ ಕಾವಲುಗಾರನ ಅತ್ತೆ" ಎಂದು ಆಕೆ ಜೋರಾಗಿ ನಕ್ಕಳು. ಆಮೇಲೆ ಸುಸ್ತಾದ ದನಿಯಲ್ಲಿ, "ನಾಳೆ ಅವಳನ್ನ ಎಬ್ಬಿಸೋಕೆ ಹೊರಡ್ತೇವೆ. ಬೂಟಿನೊಳಗೆ ತುದಿಗೆ ಬಟ್ಟೆ ತುರುಕಿಕೊಂಡಿದ್ದೇವೆ, ಈಗ ಸರಿಯಾಗಿ ಕೂರುತ್ತೆ. ಪೆಟ್ರೋಲೂ ಬಂದಿದೆ" ಎಂದಳು.

ಹುಷಾರಾಗಿ ಹೋಗಿ ಬಾ ಎಂದೆ.